ಕೆಳುತ್ತಿ ಅಂದರು ಲಿಂಗಪ್ಪನ್

ಲಿಂಗಪ್ಪನ್ ಮೀನು ತಿನ್ನುವವರಲ್ಲ. ಅವರದು ತಲೆಮಾರುಗಳಿಂದ ಕೊಯಮತ್ತೂರಿನ ಕಡೆ ನೇಯ್ಗೆ ಮಾಡಿಕೊಂಡು ಬಂದ ಕನ್ನಡದ ಮನೆ. ಅಡುಗೆಮನೆಗೆ ಮೀನು ಸೇರಿಸುವುದಿಲ್ಲ. ಆದರೂ ವಾರವಿಡೀ ಮಗ್ಗ ರಿಪೇರಿ ಮಾಡಿ, ಭಾನುವಾರ ಬಂತೆಂದರೆ ಗಾಳ ಹಿಡಿದು ಸೂಲೂರು ಕಡೆಯ ಕೆರೆಗೆ ಬಂದುಬಿಡುತ್ತಿದ್ದರು. ಹಿಡಿದದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತಿದ್ದರು. ಇದೆಂಥ ಹುಚ್ಚು ಅಂತ ಒಮ್ಮೆ ಮುಖದ ಮೇಲೇ ಕೇಳಿದ್ದೆ. "ನೋಡಕ್ಕೆ ಆಸೆ, ಅಮ್ಮಣಿ" ಅಂದು ನಕ್ಕಿದ್ದರು.

ಅಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರಿಗೆಲ್ಲ ಅವರೇ ಗುರು. ಮೀನು ಮೇಲೆ ಬಂದರೆ ಸಾಕು, ಎತ್ತಿ ಅವರಿಗೆ ತೋರಿಸುವುದು. ಅವರು ಮೀಸೆ ನೋಡಿ, ಬಾಲ ನೋಡಿ ಹೆಸರು ಹೇಳುವುದು. ನನ್ನ ಗಂಡ ಮಂಜೇಶ್ ಅವರಿಗೆ ಅಂಟಿಕೊಂಡಿದ್ದು ಕನ್ನಡದ ಆಸೆಗೆ. ದಾವಣಗೆರೆಯಿಂದ ತಿರುಪ್ಪೂರಿಗೆ ಬಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಅವನಿಗೆ ತಮಿಳು ಇನ್ನೂ ತಲೆಗೆ ಹತ್ತಿರಲಿಲ್ಲ.

ಆ ಭಾನುವಾರ ನಾನೂ ಹೋಗಿದ್ದೆ. ಮಂಜೇಶನ ಗಾಳಕ್ಕೆ ಮೀಸೆಯ ಮೀನೊಂದು ಬಿತ್ತು. ಲಿಂಗಪ್ಪನ್ ದೂರದಲ್ಲಿದ್ದರು.

"ಅಣ್ಣಾ, ಇದ್ಯಾವುದು?"

"ಕೆಳುತ್ತಿ! ತಂಬಿ, ಕೆಳುತ್ತಿ!" ಅಂತ ಅವರು ಕೈ ಬೀಸಿ ಕೂಗಿದರು.

"ಕೇಳ್ತಿದ್ದೀನಿ ಅಣ್ಣಾ, ಹೇಳಿ!" ಅಂತ ಇವನು ಕೂಗುತ್ತಲೇ ಗಾಳ ಬಿಡಿಸಲು ಮೀನನ್ನು ಗಬಕ್ಕನೆ ಹಿಡಿದ. ಅದರ ರೆಕ್ಕೆಯ ಮುಳ್ಳು ಬಲಗೈ ಹೆಬ್ಬೆರಳಿನ ಗಿಣ್ಣಿಗೇ ಇಳಿಯಿತು. ಅಯ್ಯೋ, ಆ ಕೂಗು!

ಮುಳ್ಳಿನ ತುದಿ ಒಳಗೇ ಮುರಿದಿತ್ತು. ಎರಡು ದಿನಕ್ಕೆ ಅಂಗೈಯೆಲ್ಲ ಬಾತು ಕೀವಾಯಿತು. ಬೆರಳು ಉಳಿಯುತ್ತದೆ, ಮಡಚಲು ಬರುತ್ತದೋ ಇಲ್ಲವೋ ಹೇಳಲಾಗದು ಅಂದರು ಡಾಕ್ಟರು. ಹೆಬ್ಬೆರಳು ಮಡಚದವನು ಕತ್ತರಿ ಹಿಡಿಯುವುದು ಹೇಗೆ?

ಆಸ್ಪತ್ರೆಗೆ ಬಂದ ಲಿಂಗಪ್ಪನ್ ಮೇಲೆ ಹರಿಹಾಯ್ದೆ. "ಮುಳ್ಳಿದೆ ಅಂತ ಹೇಳೋಕೆ ಏನಾಗಿತ್ತು ನಿಮಗೆ? ಕೇಳ್ತೀಯಾ, ಕೇಳ್ತೀಯಾ ಅಂತ ಕೂಗ್ತಾ ನಿಂತ್ರಲ್ಲ!"

ಅವರು ಬೆಪ್ಪಾಗಿ ನಿಂತರು. ಆಮೇಲೆ ಅರ್ಥವಾಗಿ ತಲೆ ಮೇಲೆ ಕೈ ಹೊತ್ತರು. "ಅಯ್ಯಯ್ಯೋ, ಅದು ಮೀನಿನ ಹೆಸ್ರು ಅಮ್ಮಣಿ! ಕೆಳುತ್ತಿ ಅಂದ್ರೆ ಇಲ್ಲಿ ಯಾರೂ ಕೈ ಹಾಕಲ್ಲ."

"ಕನ್ನಡದಲ್ಲಿ ಹೇಳೋಕೆ ನಿಮಗೇನು ಧಾಡಿ?"

"ಮನೇಲಿ ಮೀನೇ ಇಲ್ವಲ್ಲ ಅಮ್ಮಣಿ, ಮೀನಿಗೆ ಮನೆಮಾತು ಎಲ್ಲಿಂದ ತರ್ಲಿ? ಎಲ್ಲಾ ಕೆರೆ ಹತ್ರ ಕಲ್ತ ತಮಿಳು." ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮೂರ್ ಕಡೆ ಅದಕ್ಕೆ ಏನಂತಾರೆ?"

ನನಗೂ ಗೊತ್ತಿರಲಿಲ್ಲ. ಅದು ಇನ್ನಷ್ಟು ಸಿಟ್ಟು ತರಿಸಿತು.

ಹೆಬ್ಬೆರಳು ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ಕತ್ತರಿ ಬೇರೆಯವರ ಕೈಗೆ ಹೋಯಿತು. ಮಂಜೇಶ್ ಈಗ ಅದೇ ಕಂಪನಿಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾನೆ. ಬೇಡವೆಂದರೂ ಕೇಳದೆ ಒಂದು ಭಾನುವಾರ ಮತ್ತೆ ಕೆರೆಗೆ ಹೋದ. ಬಿಟ್ಟಿರಲಾರದೆ ನಾನೂ ಹೋದೆ.

ಲಿಂಗಪ್ಪನ್ ಈಗ ಮೊದಲು ಹೆಸರು ಹೇಳುತ್ತಿರಲಿಲ್ಲ. ಯಾರ ಗಾಳ ಅಲುಗಿದರೂ "ಕೈ ತೆಗಿ! ಕೈ ತೆಗಿ!" ಅಂತ ಓಡಿಬರುತ್ತಿದ್ದರು. ಮಂಜೇಶನ ಗಾಳ ಬಗ್ಗಿದಾಗಲೂ ಹಾಗೇ ಕೂಗಿದರು.

"ಕೇಳ್ತಿದ್ದೀನಿ ಅಣ್ಣಾ!" ಅಂದ ಇವನು, ಅವತ್ತಿನ ಹಾಗೇ, ತಮಾಷೆಗೆ.

ಲಿಂಗಪ್ಪನ್ ಅಲ್ಲೇ ನಿಂತುಬಿಟ್ಟರು. ತಮ್ಮ ಗಾಳವನ್ನು ಸುತ್ತಿ ನನ್ನ ಕೈಗೆ ಕೊಟ್ಟರು. "ತಂಬಿಗೆ ಕೊಡಮ್ಮಣಿ, ನಂಗೆ ಇನ್ನು ಇದು ಬೇಡ" ಅಂದು ಬಸ್ಸಿನ ಕಡೆ ನಡೆದರು. ಸಿಟ್ಟು ಮರೆತು ನಾನೇ ಹಿಂದೆ ಓಡಿ ಕರೆದೆ. ಅವರು ತಿರುಗಲಿಲ್ಲ.