ಮಾವನ ಹಂಡೆಯೊಳಗೆ ಹೊಸ ಮೋಟಾರು

ನಮ್ಮ ಮಾವ ಚಾಮಯ್ಯ ನೆಟ್ಟಗೆ ಕೂತು ಊಟ ಮಾಡಿದ್ದನ್ನು ಈ ಮನೆಗೆ ಬಂದಮೇಲೆ ನಾನು ನೋಡೇ ಇಲ್ಲ. ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಾರೆ, ಮುದ್ದೆಯ ಒಂದು ತುತ್ತು ನುಂಗಿ ನೀರಿನ ಕಡೆ ನೋಡುತ್ತಾರೆ, ಮತ್ತೆ ಒಳಗೆ ಹೋಗಿ ಸಾರು ಹಾಕಿಸಿಕೊಳ್ಳುತ್ತಾರೆ. ಕಬಿನಿಯ ಹಿನ್ನೀರು ನಮ್ಮ ಹಿತ್ತಿಲಿನಿಂದ ಒಂದು ಕೂಗಿನ ದೂರ. ದೋಣಿಯಲ್ಲಿ ಆಚೆ ದಡಕ್ಕೆ ದಾಟಿದರೆ ನಮ್ಮ ತಾಲ್ಲೂಕು ಊರಾದ ಕೋಟೆಗೆ ಬಸ್ಸು ಸಿಗುತ್ತದೆ. ರಸ್ತೆಯಲ್ಲಿ ಸುತ್ತಿಕೊಂಡು ಹೋದವರಿಗೆ ಅರ್ಧ ದಿನ ಹಾಳು. ಅಣೆಕಟ್ಟೆ ಕಟ್ಟಿ ನೀರು ನಿಂತಾಗಿನಿಂದ ಊರಿನವರನ್ನು ದಾಟಿಸುವುದೇ ಮಾವನ ಕೆಲಸ. ಆಚೆ ಯಾರೋ ಕಾಯುತ್ತಿರಬಹುದು ಅನ್ನುವ ಚಡಪಡಿಕೆ ಅವರ ಕಾಲಿಗೇ ಇಳಿದುಬಿಟ್ಟಿದೆ.

ಮೊದಲು ಹುಟ್ಟು ಹಾಕುತ್ತಿದ್ದರಂತೆ. ಆಮೇಲೆ ಮೀನಿನ ಗುತ್ತಿಗೆದಾರನೊಬ್ಬ ವ್ಯಾಪಾರ ಮುಚ್ಚಿ ಹೋಗುವಾಗ, ದೋಣಿಯ ಹಿಂದಕ್ಕೆ ಸಿಕ್ಕಿಸುವ ವಿಲಾಯತಿ ಇಂಜಿನ್ನೊಂದನ್ನು ಇವರಿಗೆ ಬಿಟ್ಟು ಹೋದ. ಅದರ ಮೇಲಿನ ಕವಚ ಬೋರಲು ಹಾಕಿದ ಬಚ್ಚಲ ಹಂಡೆಯ ಹಾಗಿದೆ. ಊರಲ್ಲಿ ಅದಕ್ಕೆ ‘ಅಂಡೆ’ ಅಂತಲೇ ಹೆಸರು. ಪ್ರತಿ ಆಯುಧಪೂಜೆಗೆ ಮಾವ ಅದಕ್ಕೆ ಹಸಿರು ಬಣ್ಣ ಬಳಿದು, ಹಿಂಬದಿಯಲ್ಲಿ, ಹಿನ್ನೀರಿಗೆ ಮುಖ ಮಾಡಿ ಬೆಟ್ಟದ ಮೇಲೆ ಕೂತ ದೇವಿಯ ಹೆಸರನ್ನು, ‘ಶ್ರೀ ಚಿಕ್ಕದೇವಮ್ಮ ಪ್ರಸನ್ನ’ ಎಂದು ಹಳದಿಯಲ್ಲಿ ತಾವೇ ಬರೆಯುತ್ತಾರೆ. ಬಣ್ಣದ ಮೇಲೆ ಬಣ್ಣ ಕೂತು ಅಕ್ಷರಗಳು ಬೆರಳಿಗೆ ಸಿಗುವಷ್ಟು ದಪ್ಪವಾಗಿವೆ.

ಹೋದ ಯುಗಾದಿಯ ಹೊತ್ತಿಗೆ ಆ ಇಂಜಿನ್ನು ಪೂರ್ತಿ ಕೈಕೊಟ್ಟಿತು. ಹುಣಸೂರಿನ ಮೆಕ್ಯಾನಿಕ್ ಖದೀರ್ ಸಾಹೇಬರು ಮಾವನ ಹಳೆಯ ಗೆಳೆಯರು. ಅವರು ಬಿಚ್ಚಿ ನೋಡಿ, ಇದರ ಸಾಮಾನು ಇನ್ನು ಎಲ್ಲೂ ಸಿಗುವುದಿಲ್ಲ ಎಂದರು. ನನ್ನ ಗಂಡ ವಸಂತ್ ರೆಸಾರ್ಟೊಂದರಲ್ಲಿ ಸಫಾರಿ ಜೀಪು ಓಡಿಸುತ್ತಾರೆ. ಇವರು ಒಂದು ಸಣ್ಣ ಹೊಸ ಮೋಟಾರು ತಂದುಕೊಟ್ಟರು. ಮಾವ ಅದನ್ನು ಸಿಕ್ಕಿಸಿಕೊಂಡು ಒಂದು ಸುತ್ತು ಹೋದವರು, ಎಡಗೈ ಊರಲು ಏನೂ ಸಿಗದೆ ತಡಕಾಡಿ, ನೀರಿನಲ್ಲಿ ಒಣಗಿ ನಿಂತಿದ್ದ ಮರಕ್ಕೆ ದೋಣಿ ಗುದ್ದಿಸಿಕೊಂಡು ಬಂದರು. ಯಾರಿಗೂ ಏಟಾಗಲಿಲ್ಲ. ಆದರೂ ನನ್ನ ಗಂಡ ಅವತ್ತೇ ತೀರ್ಮಾನ ಮಾಡಿಬಿಟ್ಟರು.

“ಇನ್ಮೇಲೆ ಕನಕರಾಜು ಓಡುಸ್ಲಿ ಬುಡಪ್ಪ. ನಿಂಗೂ ವಯಸ್ಸಾಯ್ತು.” ಕನಕರಾಜು ಎಂದರೆ ಇವರ ಚಿಕ್ಕಪ್ಪನ ಮಗ.

“ವಯಸ್ಸು ನಂಗಾಗಿಲ್ಲ ಕಣ್ಲಾ, ಅದುಕ್ಕೆ ಮೈಯೇ ಇಲ್ಲ! ಆ ಅಂಡೆ ಮ್ಯಾಲೆ ಎಡ್ಗೈ ಮಡಗುದ್ರೆ ದೋಣಿ ಎತ್ಲಾಗೆ ವಾಲ್ತದೆ ಅಂತ ನಂಗೊತ್ತಾಯ್ತದೆ. ಹೊಸದ್ನ ಅಂಡೆ ಒಳೀಕೆ ಕೂರುಸ್ಕೊಡು, ಎಂಗ್ ಓಡುಸ್ತೀನಿ ನೋಡು.”

“ಒಳೀಕೆ ಕೂರುಸಕ್ಕೆ ಅದೇನು ಕೋಳಿ ಅಂತ ಕೇಳವ್ವ ನಿಮ್ಮಾವನ್ನ,” ಎಂದರು ಅತ್ತೆ ಚಿಕ್ಕಸಿದ್ದಮ್ಮ. ಗಂಡನಿಗೆ ಹೇಳಬೇಕಾದ್ದನ್ನು ಅವರು ನನಗೇ ಹೇಳುವುದು.

ಇವರು ಜೀಪಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಯೋಚಿಸಿದರು. “ಸರಿ. ಶನಿವಾರ ನಾನು ರಜಕ್ಕೆ ಬರೋದ್ರೊಳಗೆ ಓಡ್ತು ಅಂದ್ರೆ ನೀನೇ ಇಟ್ಕೊ. ಇಲ್ಲಾಂದ್ರೆ ಕನಕನ್ನ ಕರ್ಕೊಂಡೇ ಬತ್ತೀನಿ. ಅಂಡೆ ಗುಜರಿಗೆ.”

ಅವತ್ತಿನಿಂದ ಮಾವ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಳೆಯ ಇಂಜಿನ್ನನ್ನೂ ಹೊಸ ಮೋಟಾರನ್ನೂ ಖದೀರ್ ಸಾಹೇಬರ ಅಂಗಡಿಗೆ ಸಾಗಿಸಿದ ಮೇಲೆ, ಹುಣಸೂರಿಗೆ ಗಂಟೆಗೊಂದು ಫೋನು. ನನ್ನ ಮಗಳಿಗೆ ಶೀತವಾಗಿ ಅವಳೂ ಮಲಗುತ್ತಿರಲಿಲ್ಲ. ಸೊಂಟದ ಮೇಲೆ ಇವಳು, ಅಂಗಳದಲ್ಲಿ ಅವರು. ಇಬ್ಬರಲ್ಲಿ ಯಾರನ್ನು ಮೊದಲು ಸಮಾಧಾನ ಮಾಡಲಿ ಅಂತ ತಿಳಿಯದೆ ನಾನು ರಾಗಿ ಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿದೆ.

ಶುಕ್ರವಾರ ಬೆಳಿಗ್ಗೆ ಖದೀರ್ ಸಾಹೇಬರು ಗೂಡ್ಸ್ ಆಟೋದಲ್ಲಿ ಬಂದಿಳಿದರು. ಹಳೆಯ ಇಂಜಿನ್ನಿನ ಕರುಳನ್ನೆಲ್ಲ ತೆಗೆದು, ಹೊಸ ಮೋಟಾರಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಅದರ ಮೇಲೆ ಹಂಡೆ ಕೂರಿಸಿದ್ದರು. ಹಂಡೆ ಅಲುಗದ ಹಾಗೆ, ನೀರು ಸಿಡಿಯದ ಹಾಗೆ, ಅಂಚಿನ ಸುತ್ತ ಲಾರಿ ಟ್ಯೂಬಿನ ರಬ್ಬರು ಕೊಯ್ದು ಬಿಗಿದಿದ್ದರು. ನೋಡಿದರೆ ಥೇಟ್ ಹಳೆಯದೇ. ಮಾವ ಅದರ ನೆತ್ತಿ ಸವರಿ, “ಸಾಬ್ರೆ, ನನ್ ಎಮ್ಮೆ ನಂಗೆ ತಂದ್ಕೊಟ್ರಿ,” ಎಂದರು.

“ಅಂಗಡೀಲಿ ಡ್ರಮ್ಮಿನ ನೀರಲ್ಲಿ ಇಟ್ಟು ನೋಡಿದೀನಿ ಚಾಮಣ್ಣ. ಗಡಿಯಾರ ಇದ್ದಂಗೆ ಓಡ್ತದೆ.”

ದಡದಲ್ಲಿ ಓಡಿತು. ನೀರಿಗಿಳಿದು ನಿಧಾನವಾಗಿ ಹೋಗುವವರೆಗೂ ಓಡಿತು. ಮಾವ ಹಿಡಿಕೆ ತಿರುಗಿಸಿ ವೇಗ ಕೊಟ್ಟದ್ದೇ ತಡ, ಕೆಮ್ಮಿತು, ನಡುಗಿತು, ನಿಂತಿತು. ಸಾಹೇಬರು ಹಂಡೆ ಎತ್ತಿ ನೋಡಿ ಹಗ್ಗ ಎಳೆದರು. ಮೊದಲ ಎಳೆತಕ್ಕೇ ಶುರುವಾಯಿತು. ಮುಚ್ಚಿ ಹೊರಟರೆ ಮತ್ತೆ ಅದೇ ಕತೆ. ಪ್ಲಗ್ಗು ಬದಲಾಯಿಸಿದರು. ಪೆಟ್ರೋಲನ್ನು ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿದರು. ಬಿಚ್ಚಿ ನೋಡುವಾಗೆಲ್ಲ ಅದು ಸಾಧು ಹಸು. ಮುಚ್ಚಿದ ಕೂಡಲೇ ಮೊಂಡು.

“ಡಾಕ್ಟ್ರ ಮುಂದೆ ಹೋದ್ರೆ ಕಾಯಿಲೆನೇ ಇರಲ್ವಲ್ಲ, ಅಂಗೆ!” ಎಂದು ಅತ್ತೆ ದಡದಿಂದಲೇ ನಕ್ಕರು. ಮಾವ ನಗಲಿಲ್ಲ. ಸಂಜೆ ಸಾಹೇಬರು ಎಣ್ಣೆ ಕೈ ಒರೆಸಿಕೊಂಡು, ನಾಳೆ ಬತ್ತೀನಿ ಎಂದು ಹೊರಟಾಗ, ಮಾವ ಆಟೋದ ಹಿಂದೆ ಊರ ಬಾಗಿಲವರೆಗೂ ನಡೆದುಹೋದರು.

ಶನಿವಾರ ಬೆಳಿಗ್ಗೆ ಮಗಳಿಗೆ ಹಾಲು ಕುಡಿಸಲು ಕೂತೆ. ಎರಡು ಗುಟುಕು ಎಳೆಯುತ್ತಾಳೆ, ಬಿಡುತ್ತಾಳೆ, ಏದುಸಿರು ಬಿಟ್ಟು ಕಿರುಚುತ್ತಾಳೆ. ಹಸಿವಿದೆ, ಹಾಲೂ ಇದೆ. ಕಟ್ಟಿದ ಮೂಗಿನಲ್ಲಿ ಉಸಿರಾಡಿಕೊಂಡು ಚೀಪುವುದು ಹೇಗೆ? ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅವಳ ಮೂಗು ಒರೆಸುತ್ತಿದ್ದವಳಿಗೆ ಹಿಂದಿನ ದಿನದ ಮೋಟಾರಿನ ಆ ಕೆಮ್ಮು, ಆ ನಡುಕ ನೆನಪಾಯಿತು. ಮಗುವನ್ನು ಹಾಗೇ ಎತ್ತಿಕೊಂಡು ನೀರಿನ ಹತ್ತಿರ ಹೋದೆ. ಸಾಹೇಬರು ಆಗಲೇ ಬಂದು ಮತ್ತೆ ಬಿಚ್ಚುತ್ತಾ ಕೂತಿದ್ದರು.

“ಸಾಬ್ರೆ, ಮುಚ್ಚಳ ತೆಗ್ದಾಗೆಲ್ಲ ಚೆನ್ನಾಗೇ ಓಡ್ತದಲ್ವಾ? ಇದ್ಕೆ ಮೂಗು ಕಟ್ಟೈತೆನೋ ನೋಡಿ.”

ಸಾಹೇಬರು ಸ್ಪ್ಯಾನರು ಕೆಳಗಿಟ್ಟರು. ತಾವು ಬಿಗಿದ ರಬ್ಬರಿನ ಮೇಲೆ ಬೆರಳಾಡಿಸಿ ನಾಲಿಗೆ ಕಚ್ಚಿಕೊಂಡರು. “ಅರೆ! ಹಳೇದು ಇಷ್ಟು ದಿವ್ಸ ಈ ಕೆಳಗಿನ ಸಂದೀಲಿ ಗಾಳಿ ಎಳ್ಕೊಂಡು ಬದ್ಕಿತ್ತು. ಅದನ್ನೂ ನಾನೇ ಮುಚ್ಚಿದೀನಿ. ರಬ್ಬರ್ ತೆಗೆಯೋ ಹಂಗಿಲ್ಲ, ಹೊಸದು ತಗ್ಗಲ್ಲಿ ಕೂತದೆ, ನೀರು ನುಗ್ತದೆ. ಇಂಥ ಕವರಿಗೆ ಹಿಂದ್ಗಡೆ ಮೇಲೆ ಕಂಡಿ ಇರ್ಬೇಕು. ಇದಕ್ಕೆ ಎಲ್ಲಿ ಚಾಮಣ್ಣ?”

ಮಾವ ಎದ್ದರು. ದೋಣಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದರು.

“ಐತೆ,” ಎಂದರು ಕೊನೆಗೆ.

“ಎಲ್ಲಿ?”

“ಅವ್ವನ ಎಸ್ರಿನ ಕೆಳೀಕೆ.”

ಯಾವುದೋ ಕಾಲದ ಮಳೆಯಲ್ಲಿ ಆ ಕಂಡಿಗಳಿಂದ ನೀರು ಒಳಗೆ ಹೋಗಿ, ಇಂಜಿನ್ನು ನಡುನೀರಿನಲ್ಲಿ ನಿಂತುಬಿಟ್ಟಿತ್ತಂತೆ. ಹೆದರಿದ ಮಾವ ತಗಡು ಹೊಡೆದು ಮುಚ್ಚಿ, ಬೋಳು ಬೋಳಾಗಿ ಕಾಣುತ್ತದೆಂದು ಅದರ ಮೇಲೆ ಚಿಕ್ಕದೇವಮ್ಮನ ಹೆಸರು ಬರೆದಿದ್ದರು. ಆಮೇಲೆ ಒಂದು ದಿನವೂ ಅದು ನಡುನೀರಿನಲ್ಲಿ ನಿಂತದ್ದಿಲ್ಲ.

ಸಾಹೇಬರು ಎತ್ತಿಕೊಂಡಿದ್ದ ಉಳಿಯನ್ನು ಮೆಲ್ಲಗೆ ಚೀಲದ ಮೇಲಿಟ್ಟರು. “ದೇವ್ರ ಹೆಸರು. ನಾನು ಕೈ ಹಾಕಲ್ಲ ಚಾಮಣ್ಣ. ನೀವು ತೆಗೀರಿ, ನೀರು ಬೀಳ್ದಂಗೆ ಮೇಲೊಂದು ಸೂರು ನಾನು ಮಾಡ್ಕೊಡ್ತೀನಿ.”

ಆಮೇಲೆ ಮಧ್ಯಾಹ್ನದವರೆಗೂ ಇದೇ ಆಟ. ಮಾವ ಉಳಿ ಹಿಡಿಯುತ್ತಾರೆ, ಇಡುತ್ತಾರೆ. ಮನೆಗೆ ಬಂದು ನೀರು ಕುಡಿದು ಮತ್ತೆ ಹೋಗುತ್ತಾರೆ. ಮಧ್ಯಾಹ್ನ ಇವರ ಫೋನು ಬಂತು: ಹೊರಟಿದ್ದೀವಿ, ಕನಕನೂ ಜೊತೆಗಿದ್ದಾನೆ. ಮಾವನಿಗೆ ಹೇಳಿದೆ. ಅವರು ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, “ನನ್ನ ಕಾಯ್ದೋಳು ಅವ್ಳು ಕಣವ್ವ. ಕೆರ್ದಾಕಿ, ಅವ್ಳ ಮಕದ ಮುಂದ್ಲೇ ಎಂಗ್ ನೀರಿಗಿಳೀಲಿ?” ಎಂದರು.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಉಳಿಯನ್ನು ತೆಗೆದು ಅವರ ಕೈಗೇ ಕೊಟ್ಟರು. “ಇಷ್ಟು ವರ್ಸ ಬಣ್ಣದ ಮ್ಯಾಲೆ ಬಣ್ಣ ಬಳ್ದು ಅವ್ಳುಗೂ ಉಸ್ರು ಕಟ್ಟಿರ್ತದೆ ಅಂತ ಹೇಳವ್ವ ನಿಮ್ಮಾವಂಗೆ. ದೋಣಿ ಮೂತಿ ಮ್ಯಾಲೆ ನಾಳೆ ದೊಡ್ಡದಾಗಿ ಬರೀಲಿ. ಗಾಳೀಗೆ ಕುಂತ್ಕೊತಾಳೆ.”

ಮಾವ ಕರ್ಪೂರ ಹಚ್ಚಿದರು. ಕೈಮುಗಿದರು. ಒಂದೊಂದೇ ಅಕ್ಷರ ಕೆರೆದರು. ಬಣ್ಣದ ಸಿಪ್ಪೆಗಳನ್ನು ಎಲೆಯ ಮೇಲೆ ಕೂಡಿಸಿ ಅತ್ತೆ ನೀರಿಗೆ ಬಿಟ್ಟರು. ತಗಡು ಕಿತ್ತು ಬಂದಾಗ ಒಳಗೆ ಇಷ್ಟು ದಿನ ಎಣ್ಣೆ ಜಿಡ್ಡಿನಲ್ಲಿ ಹೂತುಹೋಗಿದ್ದ ಸೀಳುಗಳು ಸಾಲಾಗಿ ಕಂಡವು, ಮೀನಿನ ಕಿವಿರಿನ ಹಾಗೆ. ಸಾಹೇಬರು ಅವುಗಳ ಮೇಲೆ ಬಾಗಿದ ತಗಡಿನ ಸೂರು ಕೂರಿಸಿ ಮುಗಿಸುವುದಕ್ಕೂ ನನ್ನ ಗಂಡನ ಫೋನು ಮತ್ತೆ ಬರುವುದಕ್ಕೂ ಸರಿಹೋಯಿತು.

“ಬಸ್ಸಿಳಿದ್ವಿ. ಹುಟ್ಟಿನ ದೋಣಿ ಯಾರಾದ್ರೂ ತರ್ತಾರಾ ಕೇಳು.”

“ಮಾವ ಬತ್ತಾವ್ರೆ,” ಎಂದು ಫೋನು ಇಟ್ಟುಬಿಟ್ಟೆ.

ನಾನೂ ಲೈಫ್ ಜಾಕೆಟ್ಟು ತೊಟ್ಟು ದೋಣಿ ಹತ್ತಿದೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಂದಿದ್ದೆ. ಧೈರ್ಯ ಬೇರೆ, ಬುದ್ಧಿ ಬೇರೆ. ನಡುನೀರಿಗೆ ಬಂದಾಗ ಮಾವ ಎಡಗೈಯನ್ನು ಹಂಡೆಯ ಮೇಲಿಟ್ಟು ಬಲಗೈಯಲ್ಲಿ ವೇಗ ಕೊಟ್ಟರು. ನಾನು ಹಲಗೆಯನ್ನು ಉಗುರು ನಾಟುವಂತೆ ಹಿಡಿದುಕೊಂಡೆ. ಕೆಮ್ಮು ಬರಲಿಲ್ಲ. ದೋಣಿಯ ಮೂತಿ ಮೇಲೆದ್ದಿತು. ಒಣಮರಗಳ ನಡುವೆ ಮಾವ ಒಂದು ಕಡೆಯೂ ತಡಕಾಡದೆ ತಿರುಗಿಸಿದರು.

ಆಚೆ ದಡದಲ್ಲಿ ಕನಕರಾಜು ಮೊದಲು ಹತ್ತಿ ಹಿಂದಕ್ಕೆ, ಹಂಡೆಯ ಕಡೆ ನಡೆದ.

“ಮಧ್ಯದಲ್ಲಿ ಕುಂತ್ಕೊಳ್ಲಾ. ಅಂಚಿಗೆ ಬರ್ಬ್ಯಾಡ,” ಎಂದರು ಮಾವ.

ಅವನು ಕೂತ. ಇವರೂ ಕೂತರು. ದಾರಿಯುದ್ದಕ್ಕೂ ಇವರು ಹಂಡೆಯ ಕೆರೆದ ಜಾಗವನ್ನು ನೋಡುತ್ತಿದ್ದರು. ನಮ್ಮ ದಡದಲ್ಲಿ ಆಗಲೇ ನಾಲ್ಕು ಜನ ಚೀಲ ಹಿಡಿದು ನಿಂತಿದ್ದರು. ನಾವು ಮೂವರು ಇಳಿದೆವು, ಅವರು ಹತ್ತಿದರು. ಮಾವ ಮಾತ್ರ ಏಳಲೇ ಇಲ್ಲ.

“ಏನ್ಲಾ ನೋಡ್ತಾ ನಿಂತಿದ್ದೀಯೆ? ತಳ್ಳು!”

ಇವರು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ನೀರಿಗಿಳಿದು ದೋಣಿ ತಳ್ಳಿದರು.