ಕಳ್ಳರ ಊರಿನಲ್ಲಿ ಒಬ್ಬ ಬಸ್ ಡ್ರೈವರ್

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಹುಸೇನಪ್ಪ ಡ್ರೈವರು ಚಪ್ಪಲಿ ಬಿಡುತ್ತಿದ್ದರು. ಹೆಗಲ ಮೇಲಿನ ಟವೆಲ್ಲಿನಿಂದ ಮಾನಿಟರಿನ ಗಾಜು ಒರೆಸಿ, ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಕೀಬೋರ್ಡಿನ ಪಕ್ಕಕ್ಕಿಟ್ಟು, ಕೈಮುಗಿದು, ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಇಷ್ಟು ಭಯಭಕ್ತಿಯಿಂದ ಅವರು ಆಡಲು ಕೂರುತ್ತಿದ್ದ ಆಟ ಯಾವುದೆಂದರೆ, ಕಂಡವರ ಗಾಡಿ ಕಸಿದುಕೊಂಡು, ಅಡ್ಡ ಬಂದವರ ಮೇಲೆ ಹಾಯಿಸಿ, ಪೊಲೀಸರ ಕೈಗೆ ಸಿಗದಂತೆ ಊರೆಲ್ಲ ತಿರುಗುವ ಆಟ. ಎಷ್ಟು ದರೋಡೆ ಮಾಡಿದರೆ ಅಷ್ಟು ಅಂಕ. ಹುಸೇನಪ್ಪನವರು ತಮ್ಮ ಕೈಯಾರೆ ಒಂದೇ ಒಂದು ಅಂಕವನ್ನೂ ಗಳಿಸಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಸಿಂಧನೂರಿನ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ವೀರೇಶಣ್ಣನ ಕಂಪ್ಯೂಟರ್ ಸೆಂಟರ್ ಇತ್ತು. ಅಲ್ಲಿ ಪಾಠ ಹೇಳುವ ಮಾಸ್ತರ ನಾನು. ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದೆ. ಕಲಿಯಲು ಬರುವವರು ಬೆರಳೆಣಿಕೆಯಷ್ಟು, ಆಟಕ್ಕೆ ಬರುವವರ ಸಾಲು ಮೆಟ್ಟಿಲ ತನಕ. "ವಿದ್ಯಾ ಕಲಸ್ತೀನಿ ಅಂತ ಬೋರ್ಡ್ ಹಾಕೀನಿ, ಕಳ್ಳರ್ನ ತಯಾರ ಮಾಡಾಕತ್ತೀನಿ ನೋಡು" ಎಂದು ವೀರೇಶಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದ. ಸಂಜೆಯಾದರೆ ಎಲ್ಲರಿಗಿಂತ ಮೊದಲು ತಾನೇ ಕದಿಯಲು ಕೂರುತ್ತಿದ್ದ.

ಹುಸೇನಪ್ಪನವರು ಸಾಲಗುಂದದವರು. ಸಿಂಧನೂರು, ಮಸ್ಕಿ, ಲಿಂಗಸೂಗೂರು, ಇದೇ ದಾರಿಯಲ್ಲಿ ಸರ್ಕಾರಿ ಬಸ್ಸು ಓಡಿಸಿ ತಲೆ ಬೆಳ್ಳಗೆ ಮಾಡಿಕೊಂಡವರು. ನಾನು ಕಾಲೇಜಿಗೆ ಹೋದದ್ದೇ ಅವರ ಬಸ್ಸಿನಲ್ಲಿ. ಬರಬರುತ್ತ ಅವರ ಕಣ್ಣು ಮಂಜಾಯಿತು. ಹತ್ತಿರದ್ದು ಕಾಣುತ್ತಿತ್ತು, ದೂರದ್ದು ಕಾಣುತ್ತಿರಲಿಲ್ಲ. ಆಪರೇಷನ್ನಿಗೆ ಬಗ್ಗುವ ಕಣ್ಣಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿದ ಮೇಲೆ, ಸ್ಟೇರಿಂಗ್ ಬಿಡಿಸಿ ಡಿಪೋದಲ್ಲಿ ಹಳೆಯ ಟೈರುಗಳ ಕಾವಲಿಗೆ ಕೂರಿಸಿದರು. "ಟೈರು ಎಲ್ಲಿಗೂ ಹೋಗಂಗಿಲ್ಲ, ನಾನೂ ಎಲ್ಲಿಗೂ ಹೋಗಂಗಿಲ್ಲ. ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂದ್ರತೀವಿ" ಎನ್ನುತ್ತಿದ್ದರು. ಹೇಳಿ ನಗುತ್ತಿದ್ದರು. ಕೇಳಿದ ನಮಗೆ ಮಾತ್ರ ನಗು ಬರುತ್ತಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ನೀರಡಿಸಿ ನಮ್ಮ ಮಹಡಿ ಹತ್ತಿದವರು, ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಪರದೆಯ ಮುಂದೆ ನಿಂತುಬಿಟ್ಟರು. ಆ ಆಟದಲ್ಲಿ ಊರು, ರಸ್ತೆ, ಗಾಡಿ ಎಲ್ಲವೂ ಮೇಲಿನಿಂದ ನೋಡಿದಂತೆ ಕಾಣುತ್ತಿತ್ತು.

"ಏ ತಮ್ಮಾ, ಇದು ಬಸ್ಸಲ್ಲೇನು?"

"ಹೌದ್ರಿ ಕಾಕಾ."

"ಇಷ್ಟು ವರ್ಷ ಅದರ ಹೊಟ್ಟ್ಯಾಗ ಕುಂತೀನಿ. ಅದು ರೋಡಿನ ಮ್ಯಾಲ ಹೊಂಟಾಗ ಮ್ಯಾಲಿಂದ ಹೆಂಗ ಕಾಣತೈತಿ ಅಂತ ಇವತ್ತ ನೋಡಿದೆ." ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿ ತಕರಾರು ತೆಗೆದರು. "ಏಣಿ ಇಲ್ಲ, ಕ್ಯಾರಿಯರ್ ಇಲ್ಲ. ಈ ಊರ ಮಂದಿ ಜ್ವಾಳದ ಚೀಲ ಎಲ್ಲಿ ಹಾಕ್ತಾರ?"

ಓಡಿಸುತ್ತೀರಾ ಎಂದು ಕೇಳಿದೆ. ಕೇಳಬಾರದಿತ್ತೇನೋ, ಅಲ್ಲಿಂದ ನನಗೆ ಹೊಸ ನೌಕರಿ ಶುರುವಾಯಿತು. ಆ ಆಟದಲ್ಲಿ ಬಸ್ಸು ಸಿಗಬೇಕಾದರೆ ಇದ್ದದ್ದು ಒಂದೇ ದಾರಿ. ಬಾಗಿಲು ತೆಗೆದು ಡ್ರೈವರನನ್ನು ಎಳೆದು ರಸ್ತೆಗೆ ಬಿಸಾಕಬೇಕು. ಹುಸೇನಪ್ಪನವರು ಕೀಬೋರ್ಡಿನಿಂದ ಕೈ ತೆಗೆದರು. "ಡ್ಯೂಟಿ ಮ್ಯಾಲ ಇದ್ದ ಡ್ರೈವರ್ನ ಕೊಳ್ಳಪಟ್ಟಿ ಹಿಡಿದು ಜಗ್ಗಬೇಕಾ? ನನ್ನ ಕೈಲೆ ಆಗೋ ಕೆಲಸಲ್ಲಪಾ ಅದು. ನೀನ ಇಳಸು, ನಾ ನೋಡಂಗಿಲ್ಲ." ದಿನವೂ ಆ ಪಾಪದ ಕೆಲಸ ನನ್ನ ಪಾಲಿಗೆ ಬಂತು. ನಾನು ಬಸ್ಸು ಕಸಿಯುವಷ್ಟು ಹೊತ್ತು ಅವರು ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. "ಪೆಟ್ಟಾತೇನು ಅವಂಗ?" ಎಂದು ಕೇಳುತ್ತಿದ್ದರು. "ಇಲ್ರಿ ಕಾಕಾ, ಎದ್ದು ನಡಕೋತ ಹೋದ" ಎಂದ ಮೇಲೆಯೇ ಈ ಕಡೆ ತಿರುಗುತ್ತಿದ್ದುದು.

ಆಮೇಲೆ ಶುರುವಾಗುತ್ತಿತ್ತು ಅವರ ಸರ್ವಿಸ್ಸು. ತಿರುವಿಗೆ ಹಾರ್ನ್ ಹೊಡೆದು, ಗಲ್ಲಿ ಗಲ್ಲಿಗೆ ನಿಲ್ಲಿಸಿ, ಹತ್ತುವವರು ಯಾರಾದರೂ ಇದ್ದಾರೇನೋ ಎಂದು ಕಾಯುತ್ತಿದ್ದರು. ಆ ಊರಿನ ಜನ ಬಸ್ಸಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇನ್ನೊಂದು ಫಜೀತಿ ಎಂದರೆ ಅಲ್ಲಿ ಗಾಡಿಗಳೆಲ್ಲ ಬಲಗಡೆ ಹೋಗುತ್ತಿದ್ದವು, ಹುಸೇನಪ್ಪನವರು ಪ್ರಾಣ ಹೋದರೂ ಎಡ ಬಿಡುವವರಲ್ಲ. ಬಂದ ಗಾಡಿಯೆಲ್ಲ ಎದುರಿಗೆ ಬಂದು ಗುದ್ದುತ್ತಿದ್ದವು. ನಾನು ವಿವರಿಸಿ ಹೇಳಿದೆ. "ಇಡೀ ಊರು ರಾಂಗ್ ಸೈಡಿಗೆ ಹೊಂಟೈತಿ, ನಾ ಒಬ್ಬನ ಬರಾಬರ್" ಎಂದು ಅವರು ಹಾರ್ನ್ ಹೊಡೆಯುತ್ತಲೇ ಹೋದರು. ಗೇರು ಹಾಕುವ ಚಟವೂ ಬಿಟ್ಟಿರಲಿಲ್ಲ. ವೇಗ ಹೆಚ್ಚಾದರೆ ಎಡಗೈ ತಾನಾಗಿ ಕುರ್ಚಿಯ ಪಕ್ಕಕ್ಕೆ ಇಳಿಯುತ್ತಿತ್ತು. ಸರಿಯಾಗಿ ಟಾಪ್ ಗೇರಿನ ಜಾಗದಲ್ಲಿ ನಮ್ಮ ಸ್ಟೆಬಿಲೈಸರಿನ ಸ್ವಿಚ್ಚಿತ್ತು. ಒಂದು ದಿನ ಹುರುಪಿನಲ್ಲಿ ಗೇರು ಹಾಕಿದರು ನೋಡಿ, ಸೆಂಟರಿನ ಅಷ್ಟೂ ಕಂಪ್ಯೂಟರು ಕಣ್ಣು ಮುಚ್ಚಿದವು. ಬ್ಯಾಂಕಿನ ಪರೀಕ್ಷೆಗೆ ಟೈಪು ಮಾಡುತ್ತಿದ್ದ ಹುಡುಗಿ ಅತ್ತೇ ಬಿಟ್ಟಳು. "ಡೀಸೆಲ್ ಖಾಲಿ ಆಗೈತಿ ಕಾಣತೈತಿ" ಎಂದರು ಹುಸೇನಪ್ಪನವರು.

ಆಟದಲ್ಲಿ ಒಟ್ಟು ಮೂರು ಊರಿದ್ದವು. ಅವುಗಳ ಹೆಸರು ಅವರ ಬಾಯಿಗೆ ಹತ್ತಲಿಲ್ಲ, ಹಾಗಾಗಿ ಮೊದಲನೆಯದಕ್ಕೆ ಸಿಂಧನೂರು, ಎರಡನೆಯದಕ್ಕೆ ಮಸ್ಕಿ, ಮೂರನೆಯದಕ್ಕೆ ಲಿಂಗಸೂಗೂರು ಎಂದು ಹೆಸರಿಟ್ಟರು. ಒಂದು ಊರಿನಿಂದ ಇನ್ನೊಂದಕ್ಕೆ ದಾರಿ ಇರಲಿಲ್ಲ, ಆಟ ಬಿಟ್ಟು ಮತ್ತೆ ತೆರೆಯಬೇಕು. ನಾನು ಅದನ್ನು ಮಾಡುವಷ್ಟರಲ್ಲಿ ಅವರು "ಮಸ್ಕಿ ಬಂತು, ಚಾ ಕುಡಿಯೋರು ಕುಡೀರಿ" ಎಂದು ಕೂಗಿ ಕೆಳಗಿಳಿದು ಹೋಗಿ ಚಹಾ ಕುಡಿದು ಬರುತ್ತಿದ್ದರು. ಆಟಕ್ಕೆ ಬಂದ ಹುಡುಗರು ಬೈಯಲಿಲ್ಲ. ಅವರೆಲ್ಲ ಇವರ ಬಸ್ಸಿನಲ್ಲಿ ಓಡಾಡಿದವರೇ.

ಹೀಗಿರುವಾಗ ಆ ಆಟದ ಎರಡನೆಯ ಭಾಗ ಬಂತು. ವೀರೇಶಣ್ಣ ಹೈದರಾಬಾದಿಗೆ ಹೋದವನು ಸೀಡಿ ತಂದ. ಆಟ ಓಡುತ್ತಿದ್ದದ್ದು ನಮ್ಮ ಒಂದೇ ಕಂಪ್ಯೂಟರಿನಲ್ಲಿ, ಅದರಲ್ಲಿ ಎರಡಕ್ಕೂ ಜಾಗವಿರಲಿಲ್ಲ. ಹೊಸದು ಇರಬೇಕಾದರೆ ಹಳೆಯದನ್ನು ಅಳಿಸಬೇಕು, ಹಳೆಯ ಸೀಡಿ ಗೀರು ಬಿದ್ದು ಎಂದೋ ಕೆಟ್ಟಿತ್ತು, ಅಳಿಸಿದರೆ ಮತ್ತೆ ಬರುವ ಹಾಗಿರಲಿಲ್ಲ. ನಾಲ್ಕು ದಿನದ ಮಟ್ಟಿಗೆಂದು ಪಾಠಕ್ಕೆ ಬೇಕಾದ ಇನ್ನೇನೇನೋ ಅಳಿಸಿ ಎರಡನ್ನೂ ಕೂರಿಸಿಕೊಂಡು ಹುಡುಗರು ನೋಡಿದರು. ಅಲ್ಲಿಂದ ಹತ್ತಿತು ಜಗಳ, ಹೊಸದು ಹಳೆಯದಕ್ಕೆ ಸರಿಸಾಟಿಯೋ ಅಲ್ಲವೋ ಎಂದು.

ಹೊಸದರ ಪರವಾಗಿ ನಿಂತವನು ದಢೇಸುಗೂರಿನ ರವಿ. ಡಿಗ್ರಿ ಓದುತ್ತಿದ್ದ, ಮಾತಿನಲ್ಲಿ ಚುರುಕು. "ಹಳೇದು ಹಪ್ಪಳ ಇದ್ದಂಗ ಚಪ್ಪಟಿ ಐತ್ರಿ. ಇದರಾಗ ಕತ್ತಲಾದ್ರ ಲೈಟ್ ಹತ್ತತಾವ, ಗಾಡಿ ಸುಟ್ರ ಖರೇನ ಬೆಂಕಿ ಇದ್ದಂಗ ಕಾಣತೈತಿ, ಮೂರು ಗ್ಯಾಂಗ್ ಅದಾವ. ಒಂದು ಗ್ಯಾಂಗಿನ ಕೆಲಸ ಮಾಡಿಕೊಟ್ರ ಇನ್ನೊಂದು ಗ್ಯಾಂಗ್ ಹೊಡ್ಯಾಕ ಬರತೈತಿ" ಎಂದ.

"ಅದನ್ನ ನೋಡಾಕ ಕಂಪ್ಯೂಟರ್ ಯಾಕ ಬೇಕಲೇ? ಪಂಚಾಯ್ತಿ ಇಲೆಕ್ಷನ್ನಿನಾಗ ನೋಡ್ತೀವಲ್ಲ" ಎಂದ ವೀರೇಶಣ್ಣ.

ಹುಸೇನಪ್ಪನವರು ಎದ್ದು ನಿಂತರು. "ನಿನ್ನ ಬೆಂಕಿ ತಗೊಂಡು ಒಲಿಗೆ ಹಾಕು. ಮೊದಲಿಂದರಾಗ ಮೂರು ಊರಿದ್ವು, ಇದರಾಗ ಒಂದ ಐತಿ. ಮೂರು ಇದ್ದದ್ದು ಒಂದ ಆದ್ರ ಬಸ್ಸು ಎಲ್ಲಿಂದ ಎಲ್ಲಿಗೆ ಹೋಗ್ಬೇಕು? ಹೇಳು."

ರವಿ ಹೊಸ ಸೀಡಿಯ ಡಬ್ಬಿ ತಿರುಗಿಸಿ ಅದರ ಮೇಲಿನ ಚಿತ್ರದಲ್ಲಿ ಇನ್ನೆರಡು ಊರು ಹುಡುಕತೊಡಗಿದ.

ಸುದ್ದಿ ಕಂಡಕ್ಟರುಗಳ ಬಾಯಿಗೆ ಬಿತ್ತು. ಮರುದಿನ ಬೆಳಿಗ್ಗೆ ಮಸ್ಕಿಯಲ್ಲಿ ನಾನು ಬಸ್ಸಿಗೆ ನಿಂತಿದ್ದಾಗ ಪರಿಚಯದ ಅರಿವೆ ವ್ಯಾಪಾರಿಯೊಬ್ಬರು ಅಡ್ಡಗಟ್ಟಿದರು. "ಏನ್ರೀ ಮಾಸ್ತರ, ಹೊಸದರಾಗ ಮಸ್ಕಿ ತಗದಾರಂತಲ್ಲ? ನಮ್ಮೂರು ಮಾಡಿದ ತಪ್ಪಾರ ಏನು?" ಲಿಂಗಸೂಗೂರಿನಲ್ಲಿ ಮಾತು ಇನ್ನೂ ಬಲಿತಿತ್ತು. ಸಿಂಧನೂರಿನವರು ನೀರಾವರಿಯ ಸೊಕ್ಕಿನಿಂದ ತಮ್ಮೂರೊಂದನ್ನೇ ಇಟ್ಟುಕೊಂಡು ಉಳಿದೆರಡನ್ನೂ ತೆಗೆಸಿದ್ದಾರೆ ಎಂದು ಹೋಟೆಲಿನಲ್ಲಿ ಗದ್ದಲವೇ ಆಯಿತಂತೆ. ಅಲ್ಲಿಂದ ಒಬ್ಬ ಹಿರಿಯರು, ರುಮಾಲು ಸುತ್ತಿಕೊಂಡು, ಬಸ್ಸು ಹತ್ತಿ ಬಂದೇ ಬಂದರು. "ಎಲ್ಲೈತಿ ನಮ್ಮ ಲಿಂಗಸೂಗೂರು? ತೋರಸ್ರಿ" ಎಂದು ಕುಳಿತರು. ಹಳೆಯ ಆಟದ ಮೂರನೆಯ ಊರು ತೆರೆದು ತೋರಿಸಿದೆ. ಗಗನಚುಂಬಿ ಕಟ್ಟಡ, ಹೊಳೆಯುವ ಕಾರು, ಅಗಲ ರಸ್ತೆ. ಬಹಳ ಹೊತ್ತು ನೋಡಿದರು. "ಭಾಳ ಸುಧಾರಿಸೈತಿ ಬಿಡ್ರಿ. ಇದನ್ನ ತಗೀಬ್ಯಾಡ್ರಿ" ಎಂದು ಹೇಳಿ ಮುಂದಿನ ಬಸ್ಸಿಗೆ ವಾಪಸು ಹೋದರು.

ಹಳೆಯದರ ಬಲ ಹೆಚ್ಚಾಯಿತು. ರವಿ ಬಿಡಲಿಲ್ಲ. ಕೊನೆಗೆ ವೀರೇಶಣ್ಣ ಬೇಸತ್ತು, "ಕಾಕಾ ಹೊಸದನ್ನ ಒಂದ್ಸಲ ಓಡಿಸಿ ನೋಡಲಿ. ಅವ್ರು ಏನಂತಾರ ಅದ ಫೈಸಲಾ" ಎಂದ. ಎಲ್ಲರೂ ಒಪ್ಪಿದರು. ಹುಸೇನಪ್ಪನವರು ನನ್ನನ್ನು ಮೆಟ್ಟಿಲ ಬಳಿಗೆ ಕರೆದರು. ಅವರ ದನಿ ಇಳಿದಿತ್ತು. "ತಮ್ಮಾ, ಹಳೇದು ಅಳಿಸಿದ್ರ ನನಗ ಮತ್ತ ಟೈರ ಗತಿ. ಅದಕ್ಕ ನಾ ಹೊಸದನ್ನ ಎಷ್ಟು ಚಂದಿದ್ರೂ ಚಂದ ಅನ್ನಂಗಿಲ್ಲ, ತಿಳೀತಾ?" ಅನ್ನಬೇಡ್ರಿ ಕಾಕಾ ಎಂದೆ.

ನಿಂಬೆಹಣ್ಣು ಇಟ್ಟಾಯಿತು. ನಾನು ಎಂದಿನಂತೆ ಡ್ರೈವರನನ್ನು ಎಳೆದು ಹಾಕಿ ಬಸ್ಸು ಕೊಟ್ಟೆ. ಅವರು ಗೋಡೆ ಬಿಟ್ಟು ಬಂದು ಕುಳಿತರು. ಮೊದಲ ಸ್ಟಾಪಿನಲ್ಲಿ ನಿಲ್ಲಿಸಿದರೆ, ಏನಾಶ್ಚರ್ಯ, ರಸ್ತೆಯ ಬದಿ ನಿಂತಿದ್ದವರು ಬಂದು ಬಸ್ಸು ಹತ್ತಿದರು. "ಹತ್ತಿದ್ರು! ಏ ವೀರೇಶಾ, ಮಂದಿ ಹತ್ತಿದ್ರಲೇ!" ಎಂದು ಕೂಗಿದರು. ರವಿ ಮೀಸೆ ತಿರುವಿದ. ಅಷ್ಟರಲ್ಲಿ ಪರದೆಯ ಕೆಳಗಿನಿಂದ ಒಬ್ಬ ಓಡಿ ಬಂದ. ನಾನು ಬಿಸಾಕಿದ್ದ ಅದೇ ಡ್ರೈವರ್. ಬಾಗಿಲು ತೆಗೆದ, ಹುಸೇನಪ್ಪನವರನ್ನು ಎಳೆದು ರಸ್ತೆಗೆ ಹಾಕಿದ, ಬಸ್ಸು ಹತ್ತಿ ಪ್ಯಾಸೆಂಜರುಗಳ ಸಮೇತ ಹೊರಟುಹೋದ.

ಹುಡುಗರು ಹೋ ಎಂದು ಕೂಗಿದರು. ಹಳೆಯದರಲ್ಲಿ ಇಂಥ ರಗಳೆ ಇರಲಿಲ್ಲ, ಕಸಿದುಕೊಂಡದ್ದು ನಮ್ಮದೇ. ರವಿಯ ಗೆಳೆಯರೇ "ಏನಲೇ ಇದು ನಿನ್ನ ಆಟ, ಕಳ್ಳಂಗ ಮರ್ಯಾದಿ ಇಲ್ಲ" ಎಂದು ಬೈದರು. ರವಿ ತಲೆ ತಗ್ಗಿಸಿದ. ನಾನು ಒಳಗೊಳಗೇ ಹಿಗ್ಗಿದೆ. ಕಾಕಾ ಗೆದ್ದರು.

ಹುಸೇನಪ್ಪನವರು ಮಾತ್ರ ಖಾಲಿ ರಸ್ತೆಯನ್ನೇ ನೋಡುತ್ತ ಕುಳಿತಿದ್ದರು. "ಮತ್ತೊಮ್ಮೆ ಮಾಡು" ಎಂದರು. ಮಾಡಿದೆ. ಈ ಸಲ ಅವರು ಗೋಡೆಯ ಕಡೆ ತಿರುಗಲಿಲ್ಲ. ಮತ್ತೆ ಆ ಡ್ರೈವರ್ ಎದ್ದು, ಓಡಿ ಬಂದು, ತನ್ನ ಬಸ್ಸು ಕಸಿದುಕೊಂಡು ಹೋದ.

"ಇದು ಇರಲಿ. ಹಳೇದನ್ನ ಅಳಿಸಿಬಿಡ್ರಿ" ಎಂದರು.

ಯಾರಿಗೂ ನಂಬಿಕೆ ಬರಲಿಲ್ಲ. "ಕಾಕಾ, ಇದರಾಗ ನೀವು ಓಡ್ಸಾಕ ಆಗಂಗಿಲ್ರಿ, ಅವಾ ಬಿಡಂಗಿಲ್ಲ" ಎಂದೆ ನಾನು.

"ಬಿಡಬಾರದು. ಅವಾ ಡ್ರೈವರ್ ಖರೇ. ತನ್ನ ಬಸ್ಸಿನ ಸಲುವಾಗಿ ಓಡಿ ಬಂದ. ನಾ ಏನು ಮಾಡಿದೆ? ಬಿಡು ಅಂದ್ರು, ಬಿಟ್ಟೆ." ಟವೆಲ್ಲಿನಿಂದ ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಇಳಿದು ಹೋದರು. ಆಮೇಲೆ ಸೆಂಟರಿಗೆ ಬರಲಿಲ್ಲ. ವೀರೇಶಣ್ಣ ಅವರ ಮಾತಿನಂತೆ ಹಳೆಯ ಆಟ ಅಳಿಸಿದ. ಅಳಿಸುವಾಗ ನಾನು ಹೊರಗೆ ಹೋಗಿ ನಿಂತಿದ್ದೆ.

ಕೆಲವು ದಿನಗಳ ಮೇಲೆ ಒಂದು ಸಂಜೆ ಊರಿಗೆ ಹೋಗಲು ಲಿಂಗಸೂಗೂರಿನ ಬಸ್ಸು ಹತ್ತಿದೆ. ಸ್ಟೇರಿಂಗಿನ ಹಿಂದೆ ಹುಸೇನಪ್ಪನವರು! ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕುಳಿತಿದ್ದರು. ಎಂಜಿನ್ ಬಂದಾಗಿತ್ತು. ಕಂಡಕ್ಟರ್ ಕೈಮುಗಿಯುತ್ತಿದ್ದ. "ಕಾಕಾ, ನನ್ನ ನೌಕರಿ ಹೊಕ್ಕೈತ್ರಿ."

"ನಾ ಓಡ್ಸಂಗಿಲ್ಲೋ ಹುಚ್ಚಪ್ಪಾ. ಎದುರಿಗಿನ ಗ್ವಾಡಿನ ಕಾಣವಲ್ದು ನನಗ. ಕುಂತೀನಿ ಅಷ್ಟ."

ಪ್ಯಾಸೆಂಜರುಗಳಲ್ಲಿ ಎರಡು ಪಕ್ಷವಾದವು. ಮೆಣಸಿನಕಾಯಿ ಚೀಲ ಇಟ್ಟುಕೊಂಡಿದ್ದ ಅಜ್ಜಿ, "ಅವ್ರ ಓಡ್ಸಲಿ ಬಿಡ್ರಿ, ಕಣ್ಣಿದ್ದವರು ಎಷ್ಟು ಚಂದ ಓಡಸ್ತಾರ ಅಂತ ನೋಡೀವಲ್ಲ" ಎಂದಳು. ಅಷ್ಟರಲ್ಲಿ ಡ್ಯೂಟಿಯ ಡ್ರೈವರ್ ಅಮರೇಶ ಬಂದ. ಹುಸೇನಪ್ಪನವರ ಕೈಕೆಳಗೇ ಬಸ್ಸು ಕಲಿತ ಹುಡುಗ.

"ಕಾಕಾ, ಟೈಮ್ ಆತ್ರಿ. ಇಳೀರಿ."

"ನಾನಾಗಿ ಇಳಿಯಂಗಿಲ್ಲ. ನೀ ಇಳಸು."

"ನಿಮ್ಮ ಮೈ ಮುಟ್ಟಿ ಹೆಂಗ ಇಳಸಲ್ರಿ? ಸ್ಟೇರಿಂಗ್ ಹಿಡ್ಯಾಕ ಕಲಿಸಿದವ್ರು ನೀವು."

"ಅದಕ್ಕ ನೀನ ಬೇಕು. ಡ್ರೈವರ್ ಹೌದಲ್ಲೋ ನೀ? ಹಂಗಾರ ಜಗ್ಗು."

ಅಮರೇಶ ನನ್ನ ಮುಖ ನೋಡಿದ. ಅವನು ಡ್ರೈವರನ ಬಾಗಿಲು ತೆಗೆದು, ಹತ್ತಿ, ಅವರ ಕಂಕುಳಿಗೆ ಕೈ ಹಾಕಿದ. ಹುಸೇನಪ್ಪನವರು ಸ್ಟೇರಿಂಗನ್ನು ಗಟ್ಟಿಯಾಗಿ ಅಪ್ಪಿ ಹಿಡಿದರು. "ಜಗ್ಗಲೇ, ಇನ್ನೂ ಜೋರ್ ಜಗ್ಗು! ಉಂಡಿಲ್ಲೇನು?" ಜಗ್ಗಾಟದಲ್ಲಿ ಹಾರ್ನ್ ಒತ್ತಿಹೋಗಿ ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ಅಮರೇಶ ಅಳುತ್ತ ಜಗ್ಗುತ್ತಿದ್ದ, ಅವರು ಬೈಯುತ್ತ ಹಿಡಿದಿದ್ದರು. ಕೊನೆಗೆ ಕೈ ಬಿಟ್ಟಿತು. ಇಬ್ಬರೂ ಕೆಳಗೆ ಬಂದು ನಿಂತರು, ಇಬ್ಬರಿಗೂ ಏದುಸಿರು.

ನಾನೂ ಇಳಿದು ಓಡಿದೆ. "ಇದೇನ್ರಿ ಕಾಕಾ ಇದು?"

ಅವರು ಖಾಕಿಯ ಗುಂಡಿ ಸರಿಮಾಡಿಕೊಂಡರು. ಮುಖದಲ್ಲಿ ಸಮಾಧಾನವಿತ್ತು, ನಾನು ಕಣ್ಣಾರೆ ಕಂಡೆ. "ಅವತ್ತು ನನ್ನ ಯಾರೂ ಇಳಸಲಿಲ್ಲ ತಮ್ಮಾ. ಒಂದು ಕಾಗದ ಬಂತು, ನಾನ ಇಳಿದು ಹೋಗಿ ಟೈರಿನ ಮುಂದ ಕುಂತೆ. ಇವತ್ತ ಒಬ್ಬ ಡ್ರೈವರ್ ನನ್ನ ಜಗ್ಗಿ ಇಳಸ್ಯಾನ. ಇಷ್ಟು ಸಾಕು ನನಗ."

ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ. ಮುಂದಿನ ಬೇಸಿಗೆ ಕಳೆಯುವುದರೊಳಗೆ ಸಾಲಗುಂದದಲ್ಲಿ ತೀರಿಕೊಂಡರೆಂದು ಅಮರೇಶನೇ ಬಂದು ಹೇಳಿದ. ಅವರನ್ನು ಜಗ್ಗಿ ಇಳಿಸಿದ ಆ ಸಂಜೆ ನಮ್ಮ ಬಸ್ಸು ಹೊರಟಾಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಶೇಂಗಾ ಮಾರುವವನಿಗೆ ಹುಸೇನಪ್ಪನವರು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು: "ಕೇಳಿದೇನು? ಸೆಕೆಂಡ್ ಗೇರಿಗೆ ಭಾಳ ಲಗೂ ಹಾಕಿದ. ಇನ್ನೂ ಕಲೀಬೇಕು ಮಗ."