ಕುರಿ ಮಲಗುವ ಹೊತ್ತಿನ ಗಣಿತ

ರೋಗದ ಭಯಕ್ಕೆ ಶಾಲೆಗೆ ಬೀಗ ಬಿದ್ದ ಆ ವರ್ಷ ಶಿಕ್ಷಕರಾದ ನಮಗೆಲ್ಲ ಸಿರಾದಲ್ಲಿ ಎರಡು ದಿನದ ತರಬೇತಿ ಕೊಟ್ಟರು. ಆನ್‌ಲೈನಿನಲ್ಲಿ ಪರಿಣಾಮಕಾರಿಯಾಗಿ ಪಾಠ ಮಾಡುವುದು ಹೇಗೆ ಎಂದು ಹೇಳಿಕೊಡಲು ಬಂದ ಮಹಾಶಯರ ಲ್ಯಾಪ್‌ಟಾಪು ಮಧ್ಯಾಹ್ನದವರೆಗೆ ತೆರೆದುಕೊಳ್ಳಲೇ ಇಲ್ಲ. ಆದರೂ ನಂಬಿದೆ. ಇಪ್ಪತ್ತು ವರ್ಷ ಸೀಮೆಸುಣ್ಣದ ಧೂಳು ಕುಡಿದವಳಿಗೆ ಹೊಸದೆಂದರೆ ಆಸೆ ಇರುವುದಿಲ್ಲವೇ?

ಮೂರು ದಿನ ಕೂತು ಸಮರೂಪ ತ್ರಿಭುಜಗಳ ಪಾಠಕ್ಕೆ ನಲವತ್ತೆಂಟು ಸ್ಲೈಡು ಮಾಡಿದೆ. ತ್ರಿಭುಜ ಗಿರಗಿರ ತಿರುಗುತ್ತಿತ್ತು, ಬಣ್ಣ ಬದಲಾಯಿಸುತ್ತಿತ್ತು, ಉತ್ತರ ಬಂದ ಕೂಡಲೇ ಚಪ್ಪಾಳೆ ಹೊಡೆಯುತ್ತಿತ್ತು. "ಮದುವೆಮನೆ ಸೀರಿಯಲ್ ಲೈಟು ಇದ್ದಂಗಿದೆ" ಎಂದರು ನಮ್ಮ ಯಜಮಾನರು. ಹೊಟ್ಟೆಕಿಚ್ಚು ಎಂದುಕೊಂಡೆ.

ತರಗತಿ ಹತ್ತು ಗಂಟೆಗೆ. ಯಾಕೆ ಹತ್ತು ಎಂದು ನಾನು ಯೋಚಿಸಲೇ ಇಲ್ಲ. ಶಾಲೆಯ ಗಂಟೆ ಹತ್ತಕ್ಕೆ ಹೊಡೆಯುತ್ತದೆ, ಅಷ್ಟೇ. ಮೂವತ್ತೆರಡು ಮಕ್ಕಳಲ್ಲಿ ಒಂಬತ್ತು ಜನ ಬಂದರು. ಒಬ್ಬನ ಕ್ಯಾಮೆರಾದಲ್ಲಿ ಮನೆಯ ಜಂತೆ, ಇನ್ನೊಬ್ಬಳದರಲ್ಲಿ ಒಂದು ಕೋಳಿ. ಎಲ್ಲರಿಗಿಂತ ಗಮನವಿಟ್ಟು ಕೇಳಿದ್ದು ಆ ಕೋಳಿಯೇ.

ನಾನು ಕಾಯುತ್ತಿದ್ದವಳು ಮಾತ್ರ ಒಂದು ದಿನವೂ ಬರಲಿಲ್ಲ. ಹುಲಿಕುಂಟೆ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ, ಹತ್ತನೇ ತರಗತಿ, ಗಣಿತದಲ್ಲಿ ನನ್ನ ತಪ್ಪನ್ನೇ ಹಿಡಿಯುವಂಥವಳು. ಶಾಲೆ ಮುಚ್ಚಿದ ದಿನ ಅವಳಪ್ಪ ನನ್ನೆದುರಿಗೇ ಹೇಳಿದ್ದ: "ಲೆಕ್ಕದಾಗೆ ಪಾಸಾದ್ರೆ ಸಿರಾ ಕಾಲೇಜಿಗೆ ಹಾಕ್ತೀನಿ ಮೇಡಮ್ನೋರೆ. ಇಲ್ಲಾಂದ್ರೆ ಕುರಿ ಹಿಂದ್ಗಡೆ ಬರ್ಲಿ." ನಾನು ದೊಡ್ಡದಾಗಿ "ಪಾಸು ಮಾಡಿಸೋದು ನನ್ನ ಜವಾಬ್ದಾರಿ" ಎಂದುಬಿಟ್ಟಿದ್ದೆ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಮೂರು ವಾರ ಕಾದು, ಸಿಟ್ಟು ನೆತ್ತಿಗೇರಿ, ಸ್ಕೂಟರ್ ಹತ್ತಿದೆ. ಊರಾಚೆಯ ದಿಬ್ಬದ ಮೇಲೆ, ಹೊಂಗೆಮರದ ಕೆಳಗೆ ಮಂದೆ ಮಲಗಿತ್ತು. ಮಧ್ಯಾಹ್ನ ಹನ್ನೆರಡೂವರೆ. ಹುಡುಗಿ ನೋಟ್‌ಬುಕ್ ಹಿಡಿದು ಕೂತಿದ್ದಳು.

"ಏನೇ, ದೊಡ್ಡ ಮನುಷ್ಯಳಾಗಿಬಿಟ್ಟೆಯಾ? ತರಗತಿಗೆ ಬರೋಕೆ ಏನು ಬಂದಿದೆ ನಿನಗೆ?"

"ಹತ್ ಗಂಟೇಲಿ ಕುರಿ ಮೇಯ್ತಿರ್ತವೆ ಮಿಸ್. ಎರಡೂ ಕಡೆ ಶೇಂಗಾ ಹೊಲ, ಒಂದ್ ಕಡೆ ಅಪ್ಪ, ಒಂದ್ ಕಡೆ ನಾನು. ಫೋನ್ ನೋಡ್ತಾ ನಿಂತ್ರೆ ಹೊಲಕ್ಕೆ ನುಗ್ಗಿಬುಡ್ತವೆ. ಇವು ಮಲಗೋದು ಈಗ್ಲೇ. ನೆಟ್‌ವರ್ಕ್ ಸಿಗೋದೂ ಈ ದಿಬ್ಬದಾಗೇ."

"ಹಾಗಾದರೆ ರೆಕಾರ್ಡಿಂಗ್ ನೋಡಬೇಕಿತ್ತು!"

"ಒಂದ್ ನೋಡ್ದೆ. ಅಪ್ಪನ ಫೋನಿನ ಮೂರ್ ದಿನದ ಡೇಟಾ ಖಾಲಿ ಆಗೋಯ್ತು." ನೋಟ್‌ಬುಕ್ ನೋಡಿ ಸೇರಿಸಿದಳು: "ಅದ್ರಾಗೆ ನಲವತ್ತೊಂದು ಸಲ 'ಕೇಳಿಸ್ತಿದೆಯಾ ಮಕ್ಕಳೇ' ಅಂದ್ರಿ ಮಿಸ್. ಪಾಠ ಇದ್ದಿದ್ದು ಐದು ನಿಮಿಷ."

ಮರಕ್ಕೆ ಒರಗಿ ಕೂತಿದ್ದ ಅವಳಪ್ಪ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಆ ರೆಕಾರ್ಡಿಂಗ್ ಹಾಕಿ, ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟು ಎಳೆಯುತ್ತಾ ಎಣಿಸಿದೆ. ನಲವತ್ತೊಂದೇ. ದಿನಾ ಎರಡು ಹೊತ್ತು ಕುರಿ ಎಣಿಸುವ ಮನೆಯವಳು, ತಪ್ಪುತ್ತಾಳೆಯೇ? ನಾಚಿಕೆಯಾಯಿತು. ಎಷ್ಟು ಆಯಿತೆಂದರೆ, ನಲವತ್ತೆಂಟು ಸ್ಲೈಡನ್ನೂ ಅಳಿಸಿ ಹಾಕಿದೆ.

ಮರುದಿನದಿಂದ ಹನ್ನೆರಡೂವರೆಗೆ ಒಂದು ಹಾಳೆಯಲ್ಲಿ ಒಂದೇ ಲೆಕ್ಕ ಬರೆದು ಎಲ್ಲರ ಫೋನಿಗೆ ಫೋಟೋ, ಜೊತೆಗೆ ನಾಲ್ಕು ನಿಮಿಷದ ಧ್ವನಿ ಕಳಿಸತೊಡಗಿದೆ. ಮಕ್ಕಳು ಉತ್ತರವನ್ನು ಬಾಯಲ್ಲೇ ವಿವರಿಸಿ ಕಳಿಸಬೇಕು. ಮೊದಲ ದಿನ ಗತ್ತಿನಿಂದ ಹೇಳಿದೆ: "ಈಗಲೇ ಎದ್ದು ಕೋಲಿನ ನೆರಳು, ಮರದ ನೆರಳು ಅಳೆಯಿರಿ, ಮರದ ಎತ್ತರ ಹೇಳಿ." ಕುರಿಗಳ ಬ್ಯಾ ಬ್ಯಾ ನಡುವೆ ಅವಳ ಉತ್ತರ ಬಂತು: "ಮಿಸ್, ಈ ಹೊತ್ನಾಗೆ ನೆರಳು ಕಾಲ್ ಕೆಳ್ಗೇ ಇರ್ತದೆ. ಸಾಯಂಕಾಲ ಅಳೆದು ಹೇಳ್ತೀನಿ." ಮನೆಯೊಳಗೆ ಫ್ಯಾನಿನ ಕೆಳಗೆ ಕೂತು ಪಾಠ ಮಾಡುವವರ ಬುದ್ಧಿ ಇಷ್ಟೇ. ಸಂಜೆ ಅಳೆದಳು. ಉತ್ತರ ಸರಿಯಿತ್ತು. ಅವಳ ಆ ಧ್ವನಿಯನ್ನೇ ಉಳಿದವರಿಗೂ ಕಳಿಸಿದೆ. ನನ್ನ ಚಪ್ಪಾಳೆಯ ತ್ರಿಭುಜಕ್ಕೆ ಬಾರದಿದ್ದ ಹುಡುಗರೆಲ್ಲ ಮರ, ಕಂಬ, ನೀರಿನ ಟ್ಯಾಂಕು ಅಳೆಯಲು ಹೊರಟರು.

ಒಂದು ದಿನ ಜ್ವರ ಬಂದು ಮಲಗಿದ್ದೆ. ಒಂದು ಗಂಟೆಗೆ ಫೋನು ಬಂತು. ಹುಡುಗಿಯಲ್ಲ, ಅವಳಪ್ಪ. "ಯಾಕೆ ಮೇಡಮ್ನೋರೆ ಇವತ್ತು ಲೆಕ್ಕ ಬರ್ಲಿಲ್ಲ? ಮಂದೆ ಮಲಗೈತೆ."

ಹುಡುಗಿ ಪಾಸಾದಳು, ಅದೂ ಜೋರಾಗಿಯೇ. ವರ್ಗಾವಣೆ ಪತ್ರಕ್ಕೆ ಅಪ್ಪನೇ ಬಂದಿದ್ದ. ಸಿರಾ ಕಾಲೇಜು, ಹಾಸ್ಟೆಲು, ಎಲ್ಲ ಗೊತ್ತುಮಾಡಿದ್ದ. ಪತ್ರ ಮಡಿಸಿ ಜೇಬಿಗಿಟ್ಟುಕೊಂಡರೂ ಹೊರಡದೆ ಬಾಗಿಲಲ್ಲೇ ನಿಂತ.

"ಫೋನು ನನ್ ತಾವ್ಲೇ ಇರ್ತದೆ ಮೇಡಮ್ನೋರೆ. ಲೆಕ್ಕ ಕಳಿಸ್ತಾ ಇರಿ."

"ಯಾರಿಗಪ್ಪ? ಅವಳು ಹೋಗ್ತಾಳಲ್ಲ."

"ನಂಗೇ. ಮಧ್ಯಾಹ್ನದಾಗೆ ಅವ್ಳು ಲೆಕ್ಕ ಹೇಳೋಳು, ನಾನು ಕೇಳ್ತಾ ಕೂತಿರ್ತಿದ್ದೆ. ಇನ್ಮೇಲೆ ಆ ಹೊತ್ತು ಹೆಂಗೆ ಕಳೆಯೋದು?"

 ಆಗಲಿ ಎಂದು ತಲೆಯಾಡಿಸಿದೆ.

ಈಗಲೂ ಹನ್ನೆರಡೂವರೆಗೆ ಒಂದು ಲೆಕ್ಕ ಕಳಿಸುತ್ತೇನೆ. ಅವನ ಉತ್ತರ ಬಹಳ ಸಲ ತಪ್ಪಾಗಿಯೇ ಬರುತ್ತದೆ. ಚೆನ್ನಾಗಿ ಬೈದು, ಅದನ್ನೇ ಇನ್ನೊಮ್ಮೆ ಹೇಳಿಕೊಡುತ್ತೇನೆ.